ಹದಿನೇಳು ಗಂಟೆಯ ದಾರಿ

ಹೆಂಗಸರಾದ ನಾವು ದೂರವನ್ನು ಮೈಲಿಯಲ್ಲಿ ಅಳೆಯುವುದು ಕಡಿಮೆ. ಯಶವಂತಪುರದಿಂದ ಯಲಹಂಕ ಎಷ್ಟು ದೂರ ಎಂದರೆ, 'ಬಸ್ಸು ಬೇಗ ಸಿಕ್ಕರೆ ಮುಕ್ಕಾಲು ಗಂಟೆ' ಎನ್ನುತ್ತೇವೆ. ಈಗ ಯಲಹಂಕ, ಆರ್.ಟಿ. ನಗರದ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿದ್ದಾರೆ. ಆ ದೂರಕ್ಕೂ ಒಂದು ಚರಿತ್ರೆಯಿದೆ.

1892ರಲ್ಲಿ ಮೈಸೂರಿಗೆ ಬಂದು ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ಸ್ವಾಮಿ ವಿವೇಕಾನಂದರು ಮರುವರ್ಷ ಮೇ 31ರಂದು ಮುಂಬಯಿಯಲ್ಲಿ ಹಡಗು ಹತ್ತಿದರು. ಚೀನಾ, ಜಪಾನು ನೋಡಿಕೊಂಡು ಕೆನಡಾದ ವ್ಯಾಂಕೂವರ್ ಮುಟ್ಟಿದ್ದು ಜುಲೈ 25ಕ್ಕೆ. ಎಂಟು ವಾರ! 1960ರಲ್ಲಿ ಏರ್ ಇಂಡಿಯಾದ ಜೆಟ್ ವಿಮಾನ ನ್ಯೂಯಾರ್ಕಿಗೆ ಹಾರತೊಡಗಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೂ ಬೆಂಗಳೂರಿನಿಂದ ಅಮೆರಿಕಕ್ಕೆ ಹೊರಟವರು ನಡುವೆ ಎಲ್ಲಾದರೂ ಇಳಿಯಲೇಬೇಕಿತ್ತು.

2021ರ ಜನವರಿ 9, ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾ ವಿಮಾನ ಎಲ್ಲೂ ನಿಲ್ಲದೆ ಸೋಮವಾರ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿಯಿತು. ನಡೆಸಿದ ನಾಲ್ವರೂ ಹೆಂಗಸರೇ: ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ಹಿಡಿದದ್ದು ಸುಮಾರು 17 ಗಂಟೆ. ಹಾಗಾದರೆ ಭಾನುವಾರ ಎಲ್ಲಿ ಹೋಯಿತು ಎನ್ನುತ್ತೀರಾ? ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದು.

ದಾರಿಯೂ ವಿಚಿತ್ರವೇ. ಗೋಡೆಯ ಭೂಪಟ ನೋಡಿದರೆ ಪೂರ್ವಕ್ಕೋ ಪಶ್ಚಿಮಕ್ಕೋ ಹೋಗಬೇಕು ಅನ್ನಿಸುತ್ತದೆ. ಮಕ್ಕಳ ಗ್ಲೋಬ್ ತೆಗೆದು, ಎರಡೂ ಊರಿಗೆ ದಾರ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿ ಉತ್ತರ ಧ್ರುವದ ಹತ್ತಿರಕ್ಕೆ ಸರಿಯುತ್ತದೆ. ಎರಡೂ ಊರುಗಳು ಭೂಮಿಯ ಹೆಚ್ಚುಕಡಿಮೆ ಎದುರುಬದುರು ರೇಖಾಂಶಗಳಲ್ಲಿರುವುದೇ ಇದಕ್ಕೆ ಕಾರಣ. ಆ ದಾರದ ಅಳತೆ ಸುಮಾರು 14,000 ಕಿ.ಮೀ. ಅಂದು ಆ ನಾಲ್ವರು ಹಿಡಿದದ್ದು ಈ ಧ್ರುವದ ದಾರಿಯನ್ನೇ. ಅಲ್ಲಿ ದಿಕ್ಸೂಚಿಯನ್ನು ನಂಬುವಂತಿಲ್ಲ. ಚಳಿಗೆ ಇಂಧನ ಹೆಪ್ಪುಗಟ್ಟದಂತೆ ಕಾಯಬೇಕು. ತುರ್ತಿಗೆ ಇಳಿಯಲು ನಿಲ್ದಾಣಗಳೂ ವಿರಳ.

ಆದರೆ ಆ ದಿನಗಳನ್ನು ನೆನೆಯಿರಿ. ಕೊರೋನಾದಿಂದ 2020ರ ಮಾರ್ಚಿನಲ್ಲಿ ನಿಂತ ಮಾಮೂಲಿ ವಿದೇಶಿ ವಿಮಾನಗಳು ಮತ್ತೆ ಹೊರಟದ್ದು 2022ರ ಮಾರ್ಚಿನಲ್ಲಿ. ನಡುವೆ ಇದ್ದವು ವಿಶೇಷ ಏರ್ಪಾಡಿನ ವಿಮಾನಗಳಷ್ಟೇ. ದಾರಿ 17 ಗಂಟೆಗೆ ಇಳಿದ ಕಾಲದಲ್ಲೇ, ವೀಸಾ ಸಿಗದೆ ಮಗಳ ಬಾಣಂತನಕ್ಕೆ ಹೋಗಲಾರದ ತಾಯಂದಿರಿದ್ದರು. ಹೆತ್ತವರ ಮುಖವನ್ನು ಕೊನೆಯ ಸಲ ಫೋನಿನಲ್ಲಿ ನೋಡಿದ ಮಕ್ಕಳಿದ್ದರು.

ಹಾಗಾಗಿ ಪ್ರಯಾಣದ ಹೊತ್ತನ್ನು ವಿಮಾನ ಮೇಲೇರಿದ ಮೇಲೆ ಎಣಿಸಿದರೆ ಸಾಲದು, ಹೊರಡಬೇಕು ಅನ್ನಿಸಿದ ಗಳಿಗೆಯಿಂದಲೇ ಎಣಿಸಬೇಕು. ಪಾಸ್‌ಪೋರ್ಟು, ವೀಸಾ, ಟಿಕೆಟ್ಟಿನ ದುಡ್ಡು, ಇವೂ ದಾರಿಯೇ. ಧ್ರುವದ ಮೇಲೆ ವಿಮಾನ ನಡೆಸುವುದನ್ನು ಆ ಹೆಣ್ಣುಮಕ್ಕಳು ನೋಡಿಕೊಂಡರು. ಮನೆಯ ಬೀರುವಿನಲ್ಲಿ ಅವಧಿ ಮುಗಿಯದ ನಮ್ಮ ಹೆಸರಿನದೊಂದು ಪಾಸ್‌ಪೋರ್ಟು ಇಟ್ಟುಕೊಳ್ಳುವುದನ್ನಾದರೂ ನಾವು ನೋಡಿಕೊಳ್ಳೋಣ.