ಜಾಡರೈಟ್: ಪುಡಿಯಿಂದ ಬಿಡಿಸಿದ ಸ್ಫಟಿಕ ರಚನೆ

ಪಶ್ಚಿಮ ಸೆರ್ಬಿಯಾದ ಲೋಜ್ನಿತ್ಸಾ ಬಳಿಯ ಜಾಡರ್ ಕಣಿವೆಯಲ್ಲಿ 2004ರಲ್ಲಿ ಭೂಮಿ ಕೊರೆದು ತೆಗೆದ ಶಿಲಾ ಮಾದರಿಗಳಲ್ಲಿ, ಅದುವರೆಗೆ ಯಾರೂ ದಾಖಲಿಸದ ಬಿಳಿ ಖನಿಜವೊಂದು ಸಿಕ್ಕಿತು. ಜಾಡರೈಟ್ ಎಂಬ ಹೆಸರಿನ ಅದಕ್ಕೆ ಹೊಸ ಖನಿಜವೆಂಬ ಮಾನ್ಯತೆ 2006ರಲ್ಲಿ ದೊರೆಯಿತು. ಅದರ ಸ್ಫಟಿಕ ರಚನೆಯ ವರದಿ ಪ್ರಕಟವಾದದ್ದು 2007ರಲ್ಲಿ. ಲಿಥಿಯಂ ಗಣಿಗಾರಿಕೆಯ ವಿವಾದದಿಂದ ಈ ಖನಿಜದ ಹೆಸರು ಈಗ ಬಹಳ ಜನರಿಗೆ ಗೊತ್ತು. ರಚನೆಯನ್ನು ಕಂಡುಕೊಂಡ ಬಗೆಗೆ ಸಲ್ಲಬೇಕಾದ ಗಮನ ಸಂದಿಲ್ಲ.

ಮೊದಲ ತೊಡಕು ಕಣಗಳ ಗಾತ್ರ. ಹರಳುಗಳು ಕೆಲವೇ ಮೈಕ್ರೋಮೀಟರ್‌ನಷ್ಟು ಸಣ್ಣವು. ಒಂದೊಂದನ್ನೇ ಎತ್ತಿ ಎಕ್ಸ್-ರೇ ವಿವರ್ತನೆಗೆ ಒಡ್ಡುವುದು ಕಷ್ಟ. ಪುಡಿಯಿಂದಲೇ ಕೆಲಸ ಸಾಗಬೇಕಾಯಿತು. ಪುಡಿಯಲ್ಲಿ ಹರಳುಗಳು ಎಲ್ಲ ದಿಕ್ಕಿಗೂ ಮುಖ ಮಾಡಿರುವುದರಿಂದ ಮೂರು ಆಯಾಮಗಳ ಮಾಹಿತಿ ಕೋನದ ಒಂದೇ ಅಕ್ಷದ ಮೇಲೆ ಕುಸಿಯುತ್ತದೆ. ಜಾಡರೈಟ್ ಸಮಮಿತಿ ಕಡಿಮೆ ಇರುವ ಮೊನೊಕ್ಲಿನಿಕ್ ವರ್ಗದ್ದು. ಸಮಮಿತಿ ಕಡಿಮೆಯಾದಷ್ಟೂ ವಿವರ್ತನಾ ವಿನ್ಯಾಸದಲ್ಲಿ ಶೃಂಗಗಳು ಹೆಚ್ಚು, ಒಂದರ ಮೇಲೊಂದು ಬೀಳುವುದೂ ಹೆಚ್ಚು.

ಎರಡನೆಯ ತೊಡಕು ಇನ್ನೂ ಆಳದ್ದು. ಎಕ್ಸ್-ರೇಯನ್ನು ಚದುರಿಸುವುದು ಇಲೆಕ್ಟ್ರಾನುಗಳು. ಜಾಡರೈಟ್‌ನಲ್ಲಿರುವ ಧಾತುಗಳ ಪೈಕಿ ಸಿಲಿಕಾನ್‌ನಲ್ಲಿ ಅವು 14, ಬೋರಾನ್‌ನಲ್ಲಿ 5, ಲಿಥಿಯಂನಲ್ಲಿ ಬರೀ 3; ಹಾಗಾಗಿ ಹಗುರ ಧಾತುಗಳು ಎಕ್ಸ್-ರೇಗೆ ಮಸುಕಾಗಿ ಕಾಣುತ್ತವೆ. ಖನಿಜ ವಿಶ್ಲೇಷಣೆಯಲ್ಲಿ ದಿನವೂ ಬಳಸುವ ಇಲೆಕ್ಟ್ರಾನ್ ಮೈಕ್ರೋಪ್ರೋಬ್‌ಗೆ ಲಿಥಿಯಂ ಸಿಗುವುದಿಲ್ಲ. ಹಗುರ ಧಾತುಗಳಿಗೆ ನ್ಯೂಟ್ರಾನ್ ವಿವರ್ತನೆ ಒಳ್ಳೆಯ ದಾರಿಯೇ, ಆದರೆ ಇಲ್ಲಿ ಅದೂ ಸುಗಮವಲ್ಲ: ನಿಸರ್ಗದ ಬೋರಾನ್‌ನಲ್ಲಿ ಸುಮಾರು 20% ಇರುವ ಬೋರಾನ್-10 ನ್ಯೂಟ್ರಾನುಗಳನ್ನು ಹೀರಿಬಿಡುತ್ತದೆ, ಲಿಥಿಯಂ-6 ಕೂಡ ಹಾಗೆಯೇ.

ಹೈಡ್ರೋಜನ್ ಬಿಟ್ಟರೆ, ಜಾಡರೈಟ್‌ನ ಸೂತ್ರದಲ್ಲಿ ಒಂದು ಲಿಥಿಯಂ, ಒಂದು ಸೋಡಿಯಂ, ಒಂದು ಸಿಲಿಕಾನ್, ಮೂರು ಬೋರಾನ್, ಎಂಟು ಆಮ್ಲಜನಕ. ಒಟ್ಟು 14 ಪರಮಾಣುಗಳು, 42 ನಿರ್ದೇಶಾಂಕಗಳು. ಸಿಂಕ್ರೊಟ್ರಾನ್ ನೆರವಿಲ್ಲದೆ, ಪ್ರಯೋಗಾಲಯದ ಸಾಮಾನ್ಯ ಎಕ್ಸ್-ರೇ ದತ್ತಾಂಶದಿಂದಲೇ ಇವುಗಳನ್ನು ನಿರ್ಧರಿಸಿದ್ದು ಈ ಅಧ್ಯಯನದ ನಿಜವಾದ ಹಿರಿಮೆ. ಸಂಶೋಧಕರು ಪರಮಾಣುಗಳನ್ನು ಗಣಕದಲ್ಲಿ ಮತ್ತೆ ಮತ್ತೆ ಸರಿಸಿ, ಲೆಕ್ಕದ ವಿವರ್ತನಾ ವಿನ್ಯಾಸವನ್ನು ಅಳೆದ ವಿನ್ಯಾಸದೊಂದಿಗೆ ಹೋಲಿಸುತ್ತ ಮಾದರಿಯನ್ನು ಹುಡುಕಿದರು. ಬಳಿಕ ಅದನ್ನು, ಇಡೀ ಪುಡಿ ವಿನ್ಯಾಸಕ್ಕೆ ಮಾದರಿಯನ್ನು ಹೊಂದಿಸುವ ರೀಟ್‌ವೆಲ್ಡ್ ವಿಧಾನದಿಂದ ಪರಿಷ್ಕರಿಸಿದರು. ಹೊರಬಂದದ್ದು, ಲಿಥಿಯಂ, ಸಿಲಿಕಾನ್, ಬೋರಾನ್‌ಗಳ ಚತುಷ್ಫಲಕಗಳು ಮೂಲೆ ಹಂಚಿಕೊಂಡು ಹೆಣೆದ ಪದರ. ಜೊತೆಗೆ ತ್ರಿಕೋನಾಕಾರದ ಬೋರೇಟ್ ಗುಂಪುಗಳು ಮತ್ತು ಸೋಡಿಯಂ.

ಉಳಿದದ್ದು ಹೈಡ್ರೋಜನ್. ವಿದ್ಯುದಾವೇಶದ ಲೆಕ್ಕವೇ ಅದನ್ನು ಬೇಡುತ್ತದೆ: ಎಲ್ಲ ಧನ ಆವೇಶ ಕೂಡಿದರೆ 15, ಎಂಟು ಆಮ್ಲಜನಕಗಳ ಋಣ ಆವೇಶ 16. ಕೊರತೆ ತುಂಬಲು ಒಂದು ಹೈಡ್ರೋಜನ್ ಇರಲೇಬೇಕು. ಅದರ ಜಾಗವನ್ನು ಹೆಚ್ಚು ನಿಖರವಾಗಿ ತಿಳಿಸಿದ್ದು ಕ್ವಾಂಟಂ ಸಿದ್ಧಾಂತದ ಶಕ್ತಿ ಗಣನೆ. ಆದ್ದರಿಂದ ಈ ರಚನೆಯನ್ನು ಆಧಾರವಾಗಿ ಬಳಸುವವರು ಉಳಿದ ಪರಮಾಣುಗಳ ಸ್ಥಾನವನ್ನೂ ಹೈಡ್ರೋಜನ್ ಸ್ಥಾನವನ್ನೂ ಒಂದೇ ತೂಕದ ಸಾಕ್ಷ್ಯವೆಂದು ಎಣಿಸಬಾರದು. ಮೊದಲನೆಯದು ಮುಖ್ಯವಾಗಿ ಅಳತೆಯಿಂದ ಬಂದದ್ದು, ಎರಡನೆಯದು ಹೆಚ್ಚಾಗಿ ಗಣನೆಯಿಂದ.