ಮೋಟಾರು ವಾಹನದ ಬ್ಯಾಟರಿ: ವೈಫಲ್ಯದ ಕಾರಣಗಳು ಹಾಗೂ ಬದಲಿ ಬ್ಯಾಟರಿಯ ಖರೀದಿ

(ಸಾರ್ವಜನಿಕರ ಮಾಹಿತಿಗಾಗಿ)

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮುಧೋಳ ಹಾಗೂ ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗಗಳಲ್ಲಿ ಬೇಸಿಗೆಯ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಈ ತಾಪವು ಬ್ಯಾಟರಿಯ ಆಯುಷ್ಯವನ್ನು ಕುಗ್ಗಿಸುತ್ತದೆ. ಬೇಸಿಗೆಯಲ್ಲಾದ ಹಾನಿಯು ಅನೇಕ ವೇಳೆ ಚಳಿಗಾಲದ ಮುಂಜಾನೆ ಇಂಜಿನ್ ಚಾಲನೆಗೊಳ್ಳದಿದ್ದಾಗ ಮಾತ್ರ ಅರಿವಿಗೆ ಬರುತ್ತದೆ. ಆ ತುರ್ತಿನಲ್ಲಿ ಪರೀಕ್ಷಿಸದೆ, ರಸೀದಿಯಿಲ್ಲದೆ ಕೊಂಡ ಬ್ಯಾಟರಿಯು ಕೆಟ್ಟಲ್ಲಿ ಪರಿಹಾರ ಪಡೆಯುವುದು ಕಠಿಣ. ಆದ್ದರಿಂದ ವಾಹನ ಮಾಲೀಕರು ಈ ಕೆಳಕಂಡ ಅಂಶಗಳನ್ನು ಗಮನಿಸಲು ಕೋರಲಾಗಿದೆ.

ವೈಫಲ್ಯದ ಕಾರಣಗಳು

1. ಅಧಿಕ ತಾಪದಿಂದ ಬ್ಯಾಟರಿಯೊಳಗಿನ ನೀರಿನ ಅಂಶ ಕಡಿಮೆಯಾಗಿ ಸೀಸದ ಫಲಕಗಳು ಬೇಗನೆ ಸವೆಯುತ್ತವೆ.
2. ವಾಹನವನ್ನು ವಾರಗಟ್ಟಲೆ ನಿಲ್ಲಿಸಿದಲ್ಲಿ ಚಾರ್ಜ್ ಇಳಿದು, ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗುತ್ತದೆ.
3. ಸಿಮೆಂಟ್ ಕಾರ್ಖಾನೆ ಹಾಗೂ ಕಲ್ಲುಗಣಿಗಳ ಧೂಳು ತೇವದೊಡನೆ ಬ್ಯಾಟರಿಯ ಮೇಲ್ಭಾಗದಲ್ಲಿ ಸೇರಿದಾಗ ವಿದ್ಯುತ್ ಸೋರಿಕೆಯಾಗುತ್ತದೆ.
4. ಆಲ್ಟರ್ನೇಟರ್ ದೋಷ ಅಥವಾ ಸಡಿಲವಾದ ಟರ್ಮಿನಲ್‌ಗಳಿಂದ ಬ್ಯಾಟರಿಯು ಪೂರ್ಣವಾಗಿ ಚಾರ್ಜ್ ಆಗುವುದಿಲ್ಲ.

ಬದಲಾಯಿಸುವ ಮುನ್ನ

ಕೆಲವು ಗಂಟೆ ನಿಂತ ವಾಹನದಲ್ಲಿ ಪೂರ್ಣ ಚಾರ್ಜ್ ಆದ ಬ್ಯಾಟರಿಯು ಸುಮಾರು 12.6 ವೋಲ್ಟ್ ತೋರಿಸುತ್ತದೆ. 12 ವೋಲ್ಟ್ ಅಥವಾ ಅದಕ್ಕಿಂತ ಕಡಿಮೆ ಇದ್ದಲ್ಲಿ ಚಾರ್ಜ್ ಬಹುತೇಕ ಇಳಿದಿದೆ ಎಂದರ್ಥ. ಇಂಜಿನ್ ಚಾಲನೆಯಲ್ಲಿರುವಾಗ ಬಹುತೇಕ ವಾಹನಗಳಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು; ಇಲ್ಲದಿದ್ದಲ್ಲಿ ಮೊದಲು ಆಲ್ಟರ್ನೇಟರ್ ಪರೀಕ್ಷಿಸುವುದು ಸೂಕ್ತ. ದೋಷವು ಅಲ್ಲಿದ್ದರೆ ಹೊಸ ಬ್ಯಾಟರಿಗೆ ಮಾಡಿದ ವೆಚ್ಚ ವ್ಯರ್ಥವಾಗುತ್ತದೆ. ಪೂರ್ಣ ಚಾರ್ಜ್ ಮಾಡಿದ ನಂತರವೂ ಲೋಡ್ ಪರೀಕ್ಷೆಯಲ್ಲಿ ವಿಫಲವಾದ ಬ್ಯಾಟರಿಯನ್ನು ಬದಲಾಯಿಸತಕ್ಕದ್ದು.

ಖರೀದಿಸುವಾಗ

1. ವಾಹನದ ಕೈಪಿಡಿಯಲ್ಲಿ ಸೂಚಿಸಿದ ಆಂಪಿಯರ್-ಗಂಟೆ ಸಾಮರ್ಥ್ಯ, ಅಳತೆ ಹಾಗೂ ಧನ-ಋಣ ಟರ್ಮಿನಲ್‌ಗಳ ಸ್ಥಾನ ಹೊಂದಿಕೆಯಾಗಬೇಕು.
2. ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಪರಿಶೀಲಿಸಿ, ಇತ್ತೀಚಿನದನ್ನೇ ಪಡೆಯಬೇಕು. ಅಂಗಡಿಯಲ್ಲಿಟ್ಟ ಬ್ಯಾಟರಿಯ ಚಾರ್ಜ್ ಕೂಡ ತಾನಾಗಿಯೇ ಇಳಿಯುತ್ತದೆ.
3. ವಾರಂಟಿಯ ಒಟ್ಟು ಅವಧಿಯಲ್ಲಿ ಉಚಿತವಾಗಿ ಬದಲಾಯಿಸಿಕೊಡುವ ಅವಧಿ ಎಷ್ಟು, ಕೇವಲ ಬೆಲೆಯಲ್ಲಿ ರಿಯಾಯಿತಿ ನೀಡುವ ಅವಧಿ ಎಷ್ಟು ಎಂಬುದನ್ನು ಪ್ರತ್ಯೇಕವಾಗಿ ತಿಳಿದುಕೊಳ್ಳಬೇಕು.
4. ಬ್ಯಾಟರಿಯ ಕ್ರಮಸಂಖ್ಯೆ ನಮೂದಿಸಿದ ರಸೀದಿ ಹಾಗೂ ದಿನಾಂಕ, ಮೊಹರುಗಳಿರುವ ವಾರಂಟಿ ಕಾರ್ಡ್ ಪಡೆದು ಕಾಯ್ದಿರಿಸಬೇಕು.

ಹಳೆಯ ಬ್ಯಾಟರಿಯ ವಿಲೇವಾರಿ

ಸೀಸವು ವಿಷಕಾರಿಯಾಗಿದ್ದು, ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಕರ. ಬ್ಯಾಟರಿಯನ್ನು ಒಡೆಯುವುದಾಗಲಿ, ಕಸದೊಡನೆ ಎಸೆಯುವುದಾಗಲಿ ಸಲ್ಲದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳನ್ವಯ ಅದನ್ನು ಇತರ ತ್ಯಾಜ್ಯದಿಂದ ಬೇರ್ಪಡಿಸಿ, ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿರುವವರಿಗೆ ನೀಡತಕ್ಕದ್ದು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಮಾರಾಟಗಾರರಿಗೆ ಒಪ್ಪಿಸಿ, ಅದರ ಬೆಲೆಯನ್ನು ರಸೀದಿಯಲ್ಲಿ ಕಡಿತಗೊಳಿಸಿಕೊಳ್ಳಬಹುದು. ಆಮ್ಲವು ಮೈಗೆ ಅಥವಾ ಕಣ್ಣಿಗೆ ಸಿಡಿದಲ್ಲಿ ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ತೊಳೆದು ವೈದ್ಯರನ್ನು ಕಾಣಬೇಕು.

ದೂರು ಸಲ್ಲಿಕೆ

ವಾರಂಟಿಯನ್ವಯ ಪರಿಹಾರ ದೊರೆಯದಿದ್ದಲ್ಲಿ ಮೊದಲು ಮಾರಾಟಗಾರರಿಗೆ ಹಾಗೂ ತಯಾರಕರಿಗೆ ಲಿಖಿತ ದೂರು ನೀಡುವುದು ಸೂಕ್ತ. ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರನ್ವಯ ದೂರಿನ ಕಾರಣ ಉದ್ಭವಿಸಿದ 2 ವರ್ಷಗಳೊಳಗೆ ಕಲಬುರಗಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಲು ಅವಕಾಶವಿದೆ. ಪಾವತಿಸಿದ ಬೆಲೆಯು 5 ಲಕ್ಷ ರೂ. ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ. ದೂರಿನೊಂದಿಗೆ ರಸೀದಿ, ವಾರಂಟಿ ಕಾರ್ಡ್ ಹಾಗೂ ಪತ್ರವ್ಯವಹಾರದ ಪ್ರತಿಗಳನ್ನು ಲಗತ್ತಿಸಬೇಕು.