ರೆಡ್ ಕ್ರಾಸ್: ವೈದ್ಯರ ಗುರುತಲ್ಲದ ಗುರುತು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಾಗಲಿ, ಗಳಗನಾಥದಂಥ ಹಳ್ಳಿಯಲ್ಲಾಗಲಿ, ಬಿಳಿ ಫಲಕದ ಮೇಲೆ ಕೆಂಪು ಕ್ರಾಸ್ ಕಂಡರೆ ಅಲ್ಲಿ ವೈದ್ಯರಿದ್ದಾರೆ ಅಥವಾ ಔಷಧ ದೊರೆಯುತ್ತದೆ ಎಂದೇ ಜನರ ತಿಳಿವಳಿಕೆ. ಕಾನೂನಿನ ಅರ್ಥ ಬೇರೆ.

1864ರ ಆಗಸ್ಟ್ 22ರ ಜಿನೀವಾ ಒಪ್ಪಂದ ಅಂಗೀಕರಿಸಿದ ಈ ಲಾಂಛನ, ಸ್ವಿಟ್ಜರ್ಲೆಂಡ್ ಧ್ವಜದ ಬಣ್ಣಗಳನ್ನು ಅದಲುಬದಲು ಮಾಡಿದಂತಿದೆ. ರಣರಂಗದಲ್ಲಿ ಗಾಯಾಳುಗಳಿಗೂ ಅವರ ಶುಶ್ರೂಷಕರಿಗೂ ಅದು ರಕ್ಷೆ. ‘ಇತ್ತ ಗುಂಡು ಹಾರಿಸಬೇಡಿ’ ಎಂಬುದೇ ಅದರ ಸಂದೇಶ.

ಭಾರತದಲ್ಲಿ ಸೇನೆಯ ವೈದ್ಯಕೀಯ ಸೇವೆ ಮತ್ತು 1920ರಲ್ಲಿ ಸ್ಥಾಪನೆಯಾದ ಭಾರತೀಯ ರೆಡ್ ಕ್ರಾಸ್ ಸಂಸ್ಥೆ ಇದನ್ನು ಬಳಸುತ್ತವೆ. ಇತರರು ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಬಳಸುವುದನ್ನು 1960ರ ಜಿನೀವಾ ಒಪ್ಪಂದಗಳ ಕಾಯಿದೆಯ 12ನೇ ಕಲಮು ನಿಷೇಧಿಸಿತು. ತಪ್ಪಿದವರಿಗೆ ಆ ಕಾಯಿದೆ ವಿಧಿಸಿದ್ದು 500 ರೂ.ವರೆಗಿನ ದಂಡ ಹಾಗೂ ಗುರುತುಳ್ಳ ವಸ್ತುವಿನ ಮುಟ್ಟುಗೋಲು. ಫಲಕ ಬರೆಸುವ ಖರ್ಚೇ ಅದಕ್ಕಿಂತ ಹೆಚ್ಚೆನ್ನಿ!

ಬಹುಪಾಲು ವೈದ್ಯರಲ್ಲಿ ದುರುದ್ದೇಶವೇನೂ ಇರದು. ಕಂಡದ್ದನ್ನೇ ಅನುಸರಿಸಿದ ರೂಢಿಯಿದು. ಆದರೆ ಔಷಧದ ಅಂಗಡಿಗೂ ಖಾಸಗಿ ವಾಹನಕ್ಕೂ ಅಂಟಿದ ಗುರುತಿಗೆ ಯುದ್ಧಕಾಲದಲ್ಲಿ ಸೈನಿಕ ಬೆಲೆ ಕೊಡದಿದ್ದರೆ, ಪ್ರಾಣ ತೆರಬೇಕಾದವನು ಗಾಯಾಳು. ಪ್ರಥಮ ಚಿಕಿತ್ಸೆಯನ್ನು ಸೂಚಿಸಲು ಅಂತರರಾಷ್ಟ್ರೀಯ ಮಾನಕದಲ್ಲಿ ಹಸಿರು ಹಿನ್ನೆಲೆಯ ಬಿಳಿ ಕ್ರಾಸ್ ಇದೆ. ಅದಕ್ಕೆ ಇಂಥ ನಿರ್ಬಂಧವಿಲ್ಲ.